ಬಸವಕುಮಾರ್ ಸ್ವಹಸ್ತದಿಂದ ಆಯಿಲ್ ಬದಲಿಸಿದ ಪ್ರಸಂಗ

ಹದಿನೆಂಟು ವರ್ಷದ ಸಂಸಾರದಲ್ಲಿ ತ್ರಿವೇಣಿಯ ಗಂಡ ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದೆಂದರೆ, “ನಿನಗ ಗೊತ್ತಾಗಂಗಿಲ್ಲ, ಸುಮ್ನಿರು.” ಟಿವಿಯ ರಿಮೋಟು ಕೆಟ್ಟರೆ ಇದೇ ಮಾತು. ಮಿಕ್ಸಿ ಸುಟ್ಟ ವಾಸನೆ ಬಂದರೆ ಇದೇ ಮಾತು. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಇದೇ ಉತ್ತರ. (ಉಪ್ಪಿಟ್ಟು ಮಾಡಿದವಳು ಅವಳೇ. ಆದರೂ ಉಪ್ಪಿನ ಶಾಸ್ತ್ರ ಅವನದು.) ಇದೆಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ಆದರೆ ಆ ಭಾನುವಾರ ಬೆಳಿಗ್ಗೆ ಬಸವಕುಮಾರ್ ಅದೇ ಮಾತನ್ನು ಇಂಜಿನ್ ಆಯಿಲಿನ ವಿಷಯದಲ್ಲಿ ಹೇಳಿಬಿಟ್ಟ. ಅದು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಬಸವಕುಮಾರ್‌ಗೆ ಕಂಪ್ಲಿಯಲ್ಲಿ ಅಪ್ಪನ ಕಾಲದ ಅಕ್ಕಿ ಮಿಲ್ಲು. ಮಿಲ್ಲಿನ ಪಕ್ಕದಲ್ಲೇ ಎರಡಂತಸ್ತಿನ ಮನೆ. ಮನೆಯ ಮುಂದೆ ಹೋದ ವರ್ಷದಿಂದ ಜರ್ಮನಿ ದೇಶದ ಒಂದು ಕಪ್ಪು ಎಸ್‌ಯುವಿ. ಅದರ ಸೀಟು ಬೆನ್ನು ತಿಕ್ಕುತ್ತದೆ. ಕನ್ನಡಿಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಬೆಲ್ಟ್ ಹಾಕದಿದ್ದರೆ ಹೆಣ್ಣುದನಿಯಲ್ಲಿ ಇಂಗ್ಲಿಷಿನಲ್ಲಿ ಗದರಿಸುತ್ತದೆ. (ಬಸವಕುಮಾರ್ ಎದುರಾಡದೆ ಕೇಳಿಸಿಕೊಳ್ಳುತ್ತಿದ್ದ ಹೆಣ್ಣುದನಿ ಅದೊಂದೇ.) ಅದರ ಸರ್ವೀಸಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಹೋದ ಸಲ ಅಲ್ಲಿನವರು ಅವನನ್ನು ಗಾಜಿನ ಗೋಡೆಯ ಈಚೆ ಕೂರಿಸಿ, ಸಕ್ಕರೆಯಿಲ್ಲದ ಕಾಫಿ ಕೊಟ್ಟು, ಒಳಗೆ ಗಿರಾಕಿಗಳಿಗೆ ಪ್ರವೇಶವಿಲ್ಲ ಎಂದು ನಗುನಗುತ್ತಲೇ ಹೇಳಿದ್ದರು.

“ನನ್ನ ಗಾಡಿ ಹೊಟ್ಟಿ ನಾನ ನೋಡಂಗಿಲ್ಲಂತ!” ಎಂದು ಮನೆಗೆ ಬಂದವನೇ ಕೂಗಾಡಿದ. “ಇನ್ನ ಮ್ಯಾಲೆ ನಮ್ಮ ಗಾಡಿ ಆಯಿಲು ನಮ್ಮ ಅಂಗಳದಾಗ, ನಮ್ಮ ಕೈಲೇ!”

ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ಅಧ್ಯಯನ ನಡೆಯಿತು. ಉಣ್ಣುವಾಗ, ಮಲಗುವಾಗ, ಶೌಚಾಲಯದಲ್ಲಿ ಕೂಡ ಯಾರೋ ಪರದೇಶದವನು ಬೋಲ್ಟು ಬಿಚ್ಚುವ ಸದ್ದು. ಸಂಡೂರಿನಲ್ಲಿದ್ದ ತಂಗಿ ವಿರುಪಮ್ಮನಿಗೂ, ಅವಳ ಗಂಡ ನಾಗಭೂಷಣನಿಗೂ ಫೋನು ಮಾಡಿ ಮುಹೂರ್ತ ತಿಳಿಸಿದ್ದಾಯಿತು.

ಇಷ್ಟು ಸಂಭ್ರಮದ ನಡುವೆ ಯಾರೂ ನೆನೆಯದೇ ಇದ್ದ ಸಂಗತಿ ಒಂದಿತ್ತು. ತ್ರಿವೇಣಿಯ ಅಪ್ಪ ಜಡೆಪ್ಪ ಲಾರಿ ಮೆಕ್ಯಾನಿಕ್. ಕುರೆಕುಪ್ಪದ ರಸ್ತೆಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಅದಿರಿನ ಲಾರಿಗಳ ಕೆಳಗೇ ಆಯುಷ್ಯ ಕಳೆದವನು. ಗಂಡುಮಕ್ಕಳಿಲ್ಲದ ಅವನಿಗೆ ಬೋಲ್ಟು ಬಿಚ್ಚುವ ಪಾನ ಎತ್ತಿಕೊಟ್ಟವಳು ತ್ರಿವೇಣಿ. ಹನ್ನೆರಡನೇ ವಯಸ್ಸಿಗೆ ಅವಳು ಇಂಜಿನ್ನಿನ ಸದ್ದು ಕೇಳಿಯೇ ಏನು ಕೆಟ್ಟಿದೆ ಎನ್ನುತ್ತಿದ್ದಳು. ಹದಿನಾರಕ್ಕೆ ಒಬ್ಬಳೇ ಲಾರಿಯ ಆಯಿಲು ಬದಲಿಸುತ್ತಿದ್ದಳು. ಅವಳ ರೂಪ ನೋಡಿ ಮೆಚ್ಚಿ ಸೊಸೆ ಮಾಡಿಕೊಂಡ ಅತ್ತೆ ಕೊಟ್ರಬಸಮ್ಮ, ಬೀಗರಿಗೆ ಟ್ರಾನ್ಸ್‌ಪೋರ್ಟ್ ವ್ಯವಹಾರವಿದೆ ಎಂದು ಊರಿಗೆಲ್ಲ ಹೇಳಿದಳು. ಮದುವೆಯ ಹಿಂದಿನ ದಿನ ಜಡೆಪ್ಪನ ಕೈಗೆ ನಿಂಬೆಹಣ್ಣು ಕೊಟ್ಟು ಉಗುರು ತಿಕ್ಕಿಕೊಳ್ಳಲು ಹೇಳಿ ಕಳಿಸಿದಳು. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗಲಿಲ್ಲ. ಮದುವೆಯ ಫೋಟೋದಲ್ಲಿ ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ, ಮೇಷ್ಟರ ಮುಂದೆ ತಪ್ಪು ಮಾಡಿದವನ ಹಾಗೆ. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಮಿಲ್ಲಿನ ಮನೆಗೆ ಬಂದ ಮೇಲೆ ತ್ರಿವೇಣಿ ಪಾನ ಮುಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಿಲ್ಲಿನ ದಪ್ಪ ತೊಲೆಗಳನ್ನು ಅಂಗಳದಲ್ಲಿ ಜೋಡಿಸಿ, ಗಾಡಿಯ ನಾಲ್ಕೂ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಲಾಯಿತು. ಬಸವಕುಮಾರ್ ಹೊಸ ಟೀಶರ್ಟು, ಹೊಸ ಕೈಗವಸು ಧರಿಸಿ, ಕಿಟಕಿಯ ಸರಳಿಗೆ ಮೊಬೈಲು ಸಿಗಿಸಿ, ವಿಡಿಯೋ ಕಾಲಿನಲ್ಲಿ ನಾಗಭೂಷಣನನ್ನು ಸಾಕ್ಷಿಯಾಗಿ ಕೂರಿಸಿಕೊಂಡ. ಹಳೆಯ ಎಣ್ಣೆ ಹಿಡಿಯಲು ತ್ರಿವೇಣಿ ಹಿಟ್ಟು ನಾದುವ ದೊಡ್ಡ ಪರಾತವೇ ಆಗಬೇಕಾಯಿತು. (ಕೇಳಿ ಒಯ್ಯಲಿಲ್ಲ. ಅದರಲ್ಲಿದ್ದ ಹಿಟ್ಟನ್ನು ಕಟ್ಟೆಯ ಮೇಲೆ ಸುರಿದು ಒಯ್ದ.)

ಗಾಡಿಯ ಹೊಟ್ಟೆಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಲು ಒಂದು ಗಂಟೆ ಹಿಡಿಯಿತು. ಆಮೇಲೆ ಅವನ ಕಣ್ಣಿಗೆ ಮೊದಲು ಬಿದ್ದ ಬೋಲ್ಟಿಗೆ ಪಾನ ಹಾಕಿದ. ಚಹಾ ತಂದಿದ್ದ ತ್ರಿವೇಣಿ ಬಗ್ಗಿ ನೋಡಿದಳು.

“ರೀ, ಅದಲ್ರೀ. ಅದು ಗೇರ್ ಬಾಕ್ಸಿಂದು. ಇಂಜಿನ್ನಿಂದು ಮುಂದೈತಿ.”

ಗಾಡಿಯ ಕೆಳಗಿನಿಂದ ಬಸವಕುಮಾರ್‌ನ ದನಿ ಬಂತು. “ನಿನಗ ಗೊತ್ತಾಗಂಗಿಲ್ಲ, ಸುಮ್ನಿರು. ಇದೇನು ನಿಮ್ಮಪ್ಪನ ಡಕೋಟಾ ಲಾರಿ ಅಲ್ಲ. ಜರ್ಮನ್ ಗಾಡಿ.”

ಮೊಬೈಲಿನೊಳಗೆ ನಾಗಭೂಷಣ ಹೋ ಎಂದು ನಕ್ಕ. “ಅಕ್ಕಾರ, ಒಳಗ ಹೋಗ್ರಿ, ಬಾವ ಆಪರೇಷನ್ ಮಾಡಾಕತ್ತಾರ!”

ಎಣ್ಣೆ ಪರಾತಕ್ಕೆ ಬಿತ್ತು. ಡೀಸೆಲ್ ಇಂಜಿನ್ನಿನ ಹಳೆಯ ಎಣ್ಣೆ ಕಾಡಿಗೆಯಂತೆ ಕಪ್ಪಗಿರುತ್ತದೆ. ಇದು ಹುಣಸೆ ರಸದಂತೆ ಕೆಂಪಗಿತ್ತು. “ನೋಡ್ರಿ ಬಾವ, ಎಷ್ಟು ಸ್ವಚ್ಛ ಐತಿ! ಸುಮ್ ಸುಮ್ನ ಚೇಂಜ್ ಮಾಡಸ್ತಾರ ಕಳ್ಳ ನನ್ಮಕ್ಕಳು!” ಎಂದು ಬಸವಕುಮಾರ್ ಮೊಬೈಲಿಗೆ ಘೋಷಿಸಿದ. ಬೋಲ್ಟು ಬಿಗಿದು ಮೇಲೆದ್ದು, ಬಾನೆಟ್ಟು ತೆರೆದು, ಮೊದಲೇ ತುಂಬಿದ್ದ ಇಂಜಿನ್ನಿಗೆ ಇನ್ನೂ ಏಳು ಲೀಟರ್ ಹೊಸ ಎಣ್ಣೆ ಸುರಿದ. ಡಬ್ಬದ ಜೊತೆ ಬಂದಿದ್ದ ಹೊಸ ಫಿಲ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಪನಿಯವರು ಪುಕ್ಕಟೆ ಕೊಟ್ಟಿರಬೇಕೆಂದು ಶೋಕೇಸಿನಲ್ಲಿಟ್ಟ.

ಇನ್ನು ಗಾಡಿ ಚಾಲೂ ಮಾಡುವುದೊಂದೇ ಬಾಕಿ. ಮಾಡಿ ಓಡಿಸಿದ್ದರೆ ಗಾಡಿ ತಾಲೂಕು ದಾಟುವ ಮುಂಚೆಯೇ ಗುಜರಿ ಸೇರುತ್ತಿತ್ತು. ಗುಜರಿ ಸೇರಲಿ ಎಂದು ತ್ರಿವೇಣಿ ಒಂದು ಕ್ಷಣ ಮನಸಾರೆ ಬಯಸಿದಳು. ಆದರೆ ಯಾರದೇ ತಪ್ಪಿಗೆ ಒಂದು ಒಳ್ಳೆಯ ಇಂಜಿನ್ನು ಕಣ್ಣೆದುರು ಸಾಯುವುದನ್ನು ನೋಡುವ ಶಕ್ತಿ ಅವಳಲ್ಲಿರಲಿಲ್ಲ. ಗಂಡ ಕೈ ತೊಳೆಯಲು ಹೋದಾಗ ಕೀಲಿ ಎತ್ತಿಕೊಂಡು ಜೋಳದ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು.

ಕೀಲಿಗಾಗಿ ಅರ್ಧ ಗಂಟೆ ಹುಡುಕಾಟ. “ಇಲ್ಲೇ ಇಟ್ಟಿದ್ದೆ! ನೀ ಎಲ್ಲರ ಎತ್ತಿಟ್ಟೀಯೇನು?”

“ನನಗೇನು ಗೊತ್ತಾಗ್ತದ ಬಿಡ್ರಿ,” ಎಂದಳು ತ್ರಿವೇಣಿ. “ಊಟ ಮಾಡಿ ಹುಡುಕೂಣು, ಬರ್ರಿ.”

ಬದನೆಕಾಯಿ ಎಣ್ಣೆಗಾಯಿ, ಎರಡು ಬಟ್ಟಲು ಮಜ್ಜಿಗೆ. ಮಧ್ಯಾಹ್ನ ಎರಡಕ್ಕೆ ಮೆಕ್ಯಾನಿಕ್ ಮಹಾಶಯನ ಗೊರಕೆ ಮಹಡಿಯಿಂದ ಕೇಳಿಬಂತು. ತ್ರಿವೇಣಿ ಹೊಸಪೇಟೆಯ ತಿಪ್ಪೇಶ್ ಕಾಕಾನಿಗೆ ಫೋನು ಮಾಡಿದಳು. ಅಪ್ಪನ ಗೆಳೆಯ; ಬಿಡಿಭಾಗದ ಅಂಗಡಿ ಇಟ್ಟ ಮುದುಕ. ಗಾಡಿಯ ಹೆಸರು ಹೇಳಿ, ಬೇಕಾದ ಎರಡು ಬಗೆಯ ಎಣ್ಣೆ, ಒಂದು ಕೈಪಂಪು ಹೇಳಿದಳು. ಒಂದೂವರೆ ಗಂಟೆಯಲ್ಲಿ ಅವನು ಸ್ಕೂಟರಿನಲ್ಲಿ ಎಲ್ಲವನ್ನೂ ಹೇರಿಕೊಂಡು ಬಂದ.

“ಸರೀ ಮಗಳ, ನಾ ಮಾಡ್ತೀನಿ.”

“ನಿಮ್ಮ ಮಂಡಿ ಬಗ್ಗಂಗಿಲ್ಲ ಕಾಕಾ. ನೀವು ಗಾಡಿ ಪುಸ್ತಕದಾಗಿನ ಎಣ್ಣಿ ಲೆಕ್ಕ ಓದಿ ಹೇಳ್ರಿ, ಸಾಕು.”

ಹಳೆಯ ನೈಟಿಯ ಮೇಲೆ ಗಂಡನ ಹರಿದ ಅಂಗಿ ತೊಟ್ಟು, ಜಡೆಯನ್ನು ಗಂಟು ಹಾಕಿ ಅವಳು ಗಾಡಿಯ ಕೆಳಗೆ ಜಾರಿದಳು. ಸರಿಯಾದ ಬೋಲ್ಟಿಗೆ ಕೈ ತಾನಾಗಿಯೇ ಹೋಯಿತು. ಹದಿನಾಲ್ಕು ಲೀಟರ್ ಎಣ್ಣೆ ಪರಾತ ತುಂಬಿ, ಬಕೆಟ್ಟು ತುಂಬಿ, ಬಚ್ಚಲಿನ ಟಬ್ಬಿಗೂ ಬಂತು. ಶೋಕೇಸಿನಲ್ಲಿದ್ದ ಫಿಲ್ಟರು ತನ್ನ ಜಾಗ ಸೇರಿತು. ಲೆಕ್ಕದಷ್ಟೇ ಹೊಸ ಎಣ್ಣೆ ಇಂಜಿನ್ನಿಗೆ ಬಿತ್ತು. ಹೊರಗೆ ಬಂದವಳು ತಲೆಯೆತ್ತಿದರೆ ಕೊಟ್ರಬಸಮ್ಮ ಬಾಗಿಲಲ್ಲಿ ನಿಂತಿದ್ದಾಳೆ!

ಅತ್ತೆ ಸೊಸೆಯನ್ನು ನೋಡಿದಳು, ಮುಖದ ಮಸಿಯನ್ನು ನೋಡಿದಳು, ಟಬ್ಬು ನೋಡಿದಳು. ಬೈಯಲಿಲ್ಲ. ಓಡಿಹೋಗಿ ಗೇಟು ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಬೀದಿಯ ಕಡೆ ಕಣ್ಣಿಟ್ಟಳು. “ಜಲ್ದಿ ಮುಗಿಸವ್ವ. ಯಾರರ ನೋಡಿದ್ರ ನಾವು ಮುಖ ಎತ್ಕೊಂಡು ತಿರುಗಂಗಿಲ್ಲ.”

ಗೇರ್ ಬಾಕ್ಸಿಗೆ ಎಣ್ಣೆ ಏರಿಸಿ ಮುಗಿಸಬೇಕಾದರೆ ಇಂಜಿನ್ ಚಾಲೂ ಇರಬೇಕು. ಕೀಲಿ ಹಿಟ್ಟಿನಿಂದ ಹೊರಬಂತು. ತಿಪ್ಪೇಶ್ ಕಾಕಾ ಸೀಟಿನ ಮೇಲೆ ಕೂತು ಗಾಡಿ ಚಾಲೂ ಮಾಡಿದ. ಕೆಳಗೆ ಮಲಗಿ ತ್ರಿವೇಣಿ ಪಂಪು ಒತ್ತಿದಳು. ತಲೆಯ ಮೇಲೆ ಆ ದೊಡ್ಡ ಇಂಜಿನ್ನು ಹಾಲು ಕುಡಿದ ಕೂಸಿನಂತೆ ಉಸಿರಾಡುತ್ತಿತ್ತು. ಎಷ್ಟೋ ವರ್ಷಗಳ ನಂತರ ಅವಳಿಗೆ ನಗು ಬಂತು. ಅಲ್ಲೇ ಕೆಳಗೆ, ಯಾರಿಗೂ ಕಾಣದಂತೆ, ಹೊಟ್ಟೆತುಂಬ ನಕ್ಕಳು.

ಸಂಜೆ ಐದಕ್ಕೆ ಬಸವಕುಮಾರ್ ಇಳಿದುಬಂದಾಗ ಅಂಗಳ ತೊಳೆದಿತ್ತು, ಕೀಲಿ ಟೇಬಲ್ಲಿನ ಮೇಲಿತ್ತು. ಗಾಡಿ ಹತ್ತಿ ಹೊಳೆಯ ದಂಡೆಯ ತನಕ ಒಂದು ಸುತ್ತು ಹೊಡೆದು ಬಂದ.

“ಬೆಳಿಗ್ಗೆ ಏನೋ ಅಂದ್ಯಲ್ಲ, ಗೇರ್ ಬಾಕ್ಸು ಅಂತ? ಹೂ ಓಡಿದಂಗ ಓಡ್ತು ನೋಡು!”

ತ್ರಿವೇಣಿ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದಳು.

ರಾತ್ರಿ ಊಟದ ಹೊತ್ತಿಗೆ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅವನ ಕೈಗವಸಿನ ಫೋಟೋ ಬಂದಿತ್ತು. ಅದರ ಕೆಳಗೆ ಚಪ್ಪಾಳೆಯ ಗುರುತುಗಳು ಗುಡ್ಡವಾಗಿದ್ದವು. ‘ಕಲಿಯುಗದ ವಿಶ್ವಕರ್ಮ’ ಎಂದು ಯಾರೋ ಬರೆದಿದ್ದರು. ತ್ರಿವೇಣಿ ಪಾತ್ರೆ ತಿಕ್ಕುತ್ತಾ ಆ ಬಿರುದನ್ನು ಗಂಡನಿಂದಲೇ ಎರಡು ಸಲ ಜೋರಾಗಿ ಓದಿಸಿಕೊಂಡಳು. ಆಗಲೇ ಅವಳಿಗೊಂದು ದಿವ್ಯ ಉಪಾಯ ಹೊಳೆದದ್ದು. ಮರುದಿನವೇ ನಾದಿನಿ ವಿರುಪಮ್ಮನಿಗೆ ಫೋನು ಮಾಡಿದಳು.

“ಬರೋ ಭಾನುವಾರ ನಿಮ್ಮ ಬಿಳೇ ಗಾಡೀನೂ ತಗೊಂಡು ಬರ್ರಿ. ನಿಮ್ಮಣ್ಣ ನಿಮ್ಮ ಮುಂದ ನಿಂತು ಮಾಡಿಕೊಡ್ತಾರ. ನಮ್ಮನೆಯವರ ಕೈಗುಣ ಕಣ್ಣಾರೆ ನೋಡ್ರಿ.”

ಗಂಡ ಎಲ್ಲರೆದುರು ತಪ್ಪು ಬೋಲ್ಟು ಬಿಚ್ಚಬೇಕು. ತಾನು ಆಗ ಮುಂದೆ ಬಂದು, “ರೀ, ಅದಲ್ಲ” ಎನ್ನಬೇಕು. ಅಷ್ಟೇ ಅವಳ ಆಸೆ. ಒಂದು ವಾರ ಆ ದೃಶ್ಯವನ್ನು ನೆನೆನೆನೆದು ಅವಳು ರೊಟ್ಟಿ ಬಡಿದಳು. ರೊಟ್ಟಿಗಳು ಎಂದಿಗಿಂತ ತೆಳ್ಳಗೆ ಬಂದವು.

ಭಾನುವಾರ ಹನ್ನೊಂದಕ್ಕೆ ನಾಗಭೂಷಣ ದಂಪತಿಗಳು ಎಣ್ಣೆಯ ಡಬ್ಬದೊಂದಿಗೆ ಬಂದಿಳಿದರು. ಗಾಡಿ ತೊಲೆಗಳ ಮೇಲೆ ಹತ್ತಿತು. ತ್ರಿವೇಣಿ ಎಲ್ಲ ಚೆನ್ನಾಗಿ ಕಾಣುವಂತೆ ಬಾಗಿಲಲ್ಲಿ ಜಾಗ ಹಿಡಿದು ನಿಂತಳು. ಬಸವಕುಮಾರ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು, ವೈದ್ಯನಂತೆ ತಲೆಯಾಡಿಸಿದ.

“ಈಗ ಬ್ಯಾಡ ಬಾವ. ಇಂಜಿನ್ ಭಾಳ ಬಿಸಿ ಐತಿ. ತಣ್ಣಗಾಗ್ಲಿ. ಊಟ ಮಾಡ್ರಿ, ಒಂದು ನಿದ್ದಿ ಹೊಡೀರಿ. ಎದ್ದ ಮ್ಯಾಲೆ ನೋಡೂಣು.”

ಹೋಳಿಗೆ, ತುಪ್ಪ, ಕಟ್ಟಿನ ಸಾರು. ಅತಿಥಿಗಳು ಮಹಡಿಯಲ್ಲಿ ನಿದ್ದೆ ಹೋದರು. ಬಸವಕುಮಾರ್ ಮಾತ್ರ ಮೆಲ್ಲಗೆ ಅಡಿಗೆಮನೆಗೆ ಬಂದ. ಕೈಯಲ್ಲಿ ಅವಳ ಹಳೆಯ ನೈಟಿ, ತನ್ನ ಹರಿದ ಅಂಗಿ. ಒಗೆದು ಮಡಚಿದವು.

“ಹೂಂ, ಎಲ್ಲಾರೂ ಮಲಗ್ಯಾರ. ನಡಿ.”

ತ್ರಿವೇಣಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಅಂದ್ರ... ನಿಮಗ ಗೊತ್ತಿತ್ತೇನ್ರಿ?”

“ಹೋದ ವಾರ ಗಾಡಿ ಸಪ್ಪಳಕ್ಕ ಎಚ್ಚರಾತು. ಮಾಳಿಗಿ ಮ್ಯಾಲಿಂದ ಕಡೀತನಕ ನೋಡೀನಿ.” ಅವನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. “ಭಾಳ ಚಲೋ ಮಾಡ್ತಿ ಬಿಡು. ಖರೇನ ಹೇಳ್ತೀನಿ.”

ಹದಿನೆಂಟು ವರ್ಷದಲ್ಲಿ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅದೂ ಅಡಿಗೆಮನೆಯಲ್ಲಿ, ಪಿಸುಮಾತಿನಲ್ಲಿ, ಬಾಗಿಲು ಮುಂದೆ ಮಾಡಿಕೊಂಡು.

“ನಾ ಮಾಡಂಗಿಲ್ಲ,” ಎಂದಳು ತ್ರಿವೇಣಿ. “ಹಿಂಗಂತ ನಾಲ್ಕು ಮಂದಿ ಮುಂದ ಹೇಳ್ರಿ. ಆಮ್ಯಾಲೆ ಮಾಡ್ತೀನಿ.”

“ಅದೆಲ್ಲ ಆಗಂಗಿಲ್ಲ. ನೀ ಬರದಿದ್ರ ಬ್ಯಾಡ, ನಾನ ಮಾಡ್ತೀನಿ.” ಪಾನ ಎತ್ತಿಕೊಂಡು ನಡೆದೇಬಿಟ್ಟ. ಬಾಗಿಲಿನಿಂದ ಅವಳು ನೋಡಿದಳು: ಗಾಡಿಯ ಕೆಳಗೆ ತೂರಿ ಬೋಲ್ಟು ಹುಡುಕುತ್ತಿದ್ದಾನೆ. ಗೇರ್ ಬಾಕ್ಸಿನದ್ದಕ್ಕೂ ಅಲ್ಲ, ಈ ಸಲ ಡೀಸೆಲ್ ಟ್ಯಾಂಕನ್ನು ಹಿಡಿದಿಟ್ಟ ಪಟ್ಟಿಯ ಬೋಲ್ಟಿಗೆ ಪಾನ ಹಾಕಿದ್ದಾನೆ. ಒಂದು ಸುತ್ತು ತಿರುಗಿಯೂ ಬಿಟ್ಟಿತು. ತ್ರಿವೇಣಿಯ ಕೈ ತುರಿಸಿತು, ಹಲ್ಲು ಕಡಿದಳು, ಹತ್ತರ ತನಕ ಎಣಿಸಲು ನೋಡಿದಳು. ನಾಲ್ಕಕ್ಕೆ ಓಡಿಹೋಗಿ ಪಾನ ಕಸಿದುಕೊಂಡಳು.

“ಸರೀರಿ ಅತ್ಲಾಗ!”

ಅವನು ಸರಿದ. ಬಲು ವಿನಯದಿಂದಲೇ ಸರಿದ. ಕೊಟ್ರಬಸಮ್ಮ ಆಗಲೇ ಕುರ್ಚಿ ತಂದು ಗಾಡಿಯ ಪಕ್ಕಕ್ಕೆ ಹಾಕಿ, ಸೊಸೆಯ ಕಾಲು ಯಾರಿಗೂ ಕಾಣದಂತೆ ಸೀರೆಯ ನೆರಿಗೆ ಹರಡಿ ಕೂತಿದ್ದಳು.

ಎಣ್ಣೆ ಪರಾತಕ್ಕೆ ಬೀಳುತ್ತಿರುವಾಗ ಮಹಡಿಯ ಕಿಟಕಿ ತೆರೆದ ಸದ್ದಾಯಿತು. ತ್ರಿವೇಣಿ ಉಸಿರು ಬಿಗಿಹಿಡಿದು ಮಲಗಿದಳು. ಅವಳಿಗೆ ಕಾಣುತ್ತಿದ್ದದ್ದು ಗಂಡನ ಎರಡು ಪಾದಗಳು ಮಾತ್ರ. ಪಾದಗಳು ಚುರುಕಾದವು, ಒಂದು ಕೈ ಕೆಳಗೆ ಬಂದು ಪರಾತದ ಎಣ್ಣೆಯಲ್ಲಿ ಬೆರಳು ಅದ್ದಿಕೊಂಡು, ಮೇಲೆ ಹೋಗಿ ಎಲ್ಲೋ ಕೆನ್ನೆಗೆ ಹಚ್ಚಿಕೊಂಡಿತು.

“ಅಯ್ಯ ಅಣ್ಣಾ! ಉರಿ ಬಿಸಿಲಾಗ ಒಬ್ಬನ ದುಡೀತೀಯಲ್ಲೋ!” ಎಂದು ವಿರುಪಮ್ಮನ ದನಿ ಕರುಣೆಯಿಂದ ಮೇಲಿನಿಂದ ಇಳಿದುಬಂತು. “ಅತ್ತಿಗಿ ಎಲ್ಲಿ? ಒಂದು ಲೋಟ ನೀರರ ತಂದುಕೊಡಬಾರದೇನು?”

“ಮಲಗ್ಯಾಳವ್ವ,” ಎಂದಳು ಕೊಟ್ರಬಸಮ್ಮ.

ವಿರುಪಮ್ಮ ನಿಟ್ಟುಸಿರು ಬಿಟ್ಟಳು. “ಏನ್ ಪುಣ್ಯ ಮಾಡ್ಯಾಳೋ, ಮಹಾರಾಯ್ತಿ!”