ಪಾರ್ಕಿನ ಆಚೆ ಬದಿಗೆ ಹೋದದ್ದು

ಮನೆ ಬದಲಾಯಿಸಿದೆವು ಎಂದರೆ ಕೇಳಿದವರ ಕಣ್ಣ ಮುಂದೆ ಬರುವುದು ಲಾರಿ, ಹಗ್ಗ, ಊರು ಬಿಟ್ಟು ಊರಿಗೆ ಹೋಗುವ ಸಂಕಟ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಮಂದಿ ಅಷ್ಟು ದೂರ ಹೋಗುವುದೇ ಇಲ್ಲ. ಇಲ್ಲಿ ದೆಹಲಿಯ ಆರ್.ಕೆ.ಪುರಂನಲ್ಲಿ ನನ್ನ ಪರಿಚಯದವರನ್ನೇ ನೋಡಿ. ಒಬ್ಬರು ಒಂದು ಸೆಕ್ಟರಿನಿಂದ ಪಕ್ಕದ ಸೆಕ್ಟರಿಗೆ ಹೋದರು, ಇನ್ನೊಬ್ಬರು ಕೆಳಗಿನ ಮನೆಯಿಂದ ಮೇಲಿನ ಮನೆಗೆ. ಮಕ್ಕಳ ಶಾಲೆ ಅದೇ ಇರಬೇಕು, ಹಾಲಿನ ಬೂತು ಅದೇ ಇರಬೇಕು, ತರಕಾರಿ ಭಯ್ಯಾ ಕೇಳದೆಯೇ ಚೀಲಕ್ಕೆ ಕೊತ್ತಂಬರಿ ಹಾಕಬೇಕು. ಮನೆ ಮಾತ್ರ ಸ್ವಲ್ಪ ದೊಡ್ಡದಾಗಬೇಕು. ಈ ವಿಷಯದಲ್ಲಿ ನಾನು ಎಲ್ಲರನ್ನೂ ಮೀರಿಸಿದವನು ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಬಡ್ತಿ ಸಿಕ್ಕಿದ ಮೇಲೆ ನನಗೆ ಮಂಜೂರಾದ ದೊಡ್ಡ ಕ್ವಾರ್ಟರ್ಸು ನಮ್ಮ ಮನೆಯೆದುರಿನ ಪಾರ್ಕಿನ ಆಚೆ ಬದಿಯಲ್ಲಿತ್ತು.

ಇಷ್ಟು ಹತ್ತಿರಕ್ಕೆ ಲಾರಿ ಕರೆಸುವುದು ನನ್ನ ಮರ್ಯಾದೆಗೆ ಕಡಿಮೆ ಅನ್ನಿಸಿತು. "ಗಂಟುಮೂಟೆ ಕಟ್ಟೋದೇ ಬೇಡ. ಆ ಕಡೆ ಹೋಗುವಾಗೆಲ್ಲ ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡು ಹೋದ್ರೆ ಎರಡು ದಿನದಲ್ಲಿ ಮುಗೀತು" ಎಂದು ಹೆಂಡತಿ ಸುಮಿತ್ರಾಗೆ ಹೇಳಿದೆ. ಕಡತಗಳನ್ನು ಮೇಜಿನಿಂದ ಮೇಜಿಗೆ ಸಾಗಿಸಿದ ಇಪ್ಪತ್ತೆರಡು ವರ್ಷಗಳ ಅನುಭವ ನನಗಿತ್ತು. ಅವಳು ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಎಚ್ಚರವಾಗಿರಬೇಕು ಎನ್ನುವ ಅನುಭವವೂ ಹೆಚ್ಚುಕಡಿಮೆ ಅಷ್ಟೇ ವರ್ಷಗಳದ್ದು. ಅದನ್ನು ಮಾತ್ರ ನಾನು ಬಳಸಲಿಲ್ಲ.

ಎಂಟು ದಿನ ಕಳೆದರೂ ಅರ್ಧ ಮನೆ ಈ ಕಡೆ, ಅರ್ಧ ಆ ಕಡೆ. ಹತ್ತಿರ ಎನ್ನುವುದರ ತೊಂದರೆಯೇ ಅದು, ಅವಸರವೇ ಇರುವುದಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಎರಡು ತಲೆದಿಂಬು, ಸಂಜೆ ವಾಕಿಂಗಿಗೆ ಹೋಗುವಾಗ ಒಂದು ಬಕೆಟ್ಟು. ಒಗ್ಗರಣೆಗೆ ನಿಂತರೆ ಸಾಸಿವೆ ಆಚೆ ಮನೆಯಲ್ಲಿ, ಸ್ನಾನಕ್ಕೆ ಹೋದರೆ ಟವೆಲು ಈಚೆ ಮನೆಯಲ್ಲಿ. ಒಂದು ದಿನ ಸಾರಿನ ಪಾತ್ರೆ ಹಿಡಿದು ಪಾರ್ಕು ದಾಟುತ್ತಿದ್ದ ನನ್ನನ್ನು ಮೇಲಿನ ಮನೆಯ ಭಲ್ಲಾ ಆಂಟಿ ಬಾಲ್ಕನಿಯಿಂದ ನೋಡಿ, ಯಾರಿಗೆ ಹುಷಾರಿಲ್ಲ ಎಂದು ಮರುಕದಿಂದ ವಿಚಾರಿಸಿದರು. ಕಾಲೇಜಿಗೆ ಹೋಗುವ ಮಗಳು ಅನಘಾ, "ಪಪ್ಪಾ, ನಾವು ಶಿಫ್ಟ್ ಆಗ್ತಾ ಇಲ್ಲ, ಲೀಕ್ ಆಗ್ತಾ ಇದೀವಿ, ಸಚ್ಚೀ" ಎಂದಳು.

ಶನಿವಾರ ಸಂಜೆ ಒಂದು ಫೋನು ಬಂತು. ನಮ್ಮ ಹಳೆಯ ಮನೆ ಮಂಜೂರಾಗಿದ್ದ ಅಧಿಕಾರಿ, ದೂರದ ಈಶಾನ್ಯದ ಐಜ್ವಾಲ್‌ನಿಂದ ವರ್ಗವಾಗಿ ಬಂದ ಹೆಣ್ಣುಮಗಳು. ಗಂಡ, ಕೈಗೂಸಿನ ಜೊತೆ ಅತಿಥಿಗೃಹದಲ್ಲಿದ್ದರು. ಕೋಣೆಯನ್ನು ಮರುದಿನ ಮಧ್ಯಾಹ್ನ ಬಿಡಬೇಕಂತೆ. ಆಗ ಬರಬಹುದೇ ಎಂದು ಸಂಕೋಚದಿಂದ ಕೇಳಿದರು. "ಜರೂರ್ ಬನ್ನಿ, ಮನೆ ಖಾಲಿಯಾದ ಹಾಗೇ" ಎಂದೆ. ನಾನು ಆಗ ಒರಗಿಕೊಂಡಿದ್ದದ್ದು ಬಟ್ಟೆ ತುಂಬಿದ ಕಬ್ಬಿಣದ ಬೀರುವಿಗೆ.

ಎಂಟು ದಿನಗಳ ಮೇಲೆ ಸುಮಿತ್ರಾ ಬಾಯಿಬಿಟ್ಟಳು. "ರೀ, ಕೈಗೂಸು ಎತ್ಕೊಂಡು ಬರ್ತಾರೆ. ನಾಳೆ ಹನ್ನೆರಡಕ್ಕೆ ಈ ಮನೇಲಿ ನಮ್ಮದು ಅಂತ ಒಂದು ಚಮಚ ಇರಕೂಡದು" ಎಂದವಳೇ ಮೆಟ್ಟಿಲು ಹತ್ತಿ ಭಲ್ಲಾ ಆಂಟಿಯ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟೆ. ನಮ್ಮ ಹೊಸ್ತಿಲಿನಿಂದ ಶುರುವಾಗಿ, ಪಾರ್ಕಿನ ನಡುವಿನ ಕಲ್ಲುಹಾಸಿನ ಮೇಲೆ ಹಾದು, ಆಚೆ ಬದಿಯ ಹೊಸ ಬಾಗಿಲಿನವರೆಗೆ ಜನ ಸಾಲಾಗಿ ನಿಂತಿದ್ದರು. ಇಬ್ಬರು ನಿವೃತ್ತ ಅಧಿಕಾರಿಗಳು, ಇಸ್ತ್ರಿಯವನು, ಅವನ ಹೆಂಡತಿ, ಗೇಟಿನ ಚೌಕಿದಾರ, ಅನಘಾಳ ಗೆಳತಿಯರು, ನಾನು ಹತ್ತು ವರ್ಷದಿಂದ ಬರಿಯ ನಮಸ್ಕಾರದಲ್ಲೇ ಬಲ್ಲ ಇನ್ನೆಷ್ಟೋ ಮಂದಿ. ಬೀರು ಮಂಚಗಳನ್ನು ಗಟ್ಟಿಮುಟ್ಟಾದ ನಾಲ್ವರು ಮೊದಲೇ ಹೊತ್ತೊಯ್ದರು. ಮಿಕ್ಕಿದ್ದೆಲ್ಲ ಕೈಯಿಂದ ಕೈಗೆ ಹೊರಟಿತು. ಈ ತುದಿಯಲ್ಲಿ ಎತ್ತಿ ಕೊಡಲು ನಾನು, ಆ ತುದಿಯಲ್ಲಿ ಇಳಿಸಿಕೊಳ್ಳಲು ಸುಮಿತ್ರಾ.

ತುರಿಮಣೆ ಬಂದಾಗ ಮಾತ್ರ ಸಾಲು ತಡೆದು ನಿಂತಿತು. "ಯೇ ಕ್ಯಾ ಹೈ, ಭಾಯಿಸಾಬ್?" ಎಂದರು ಭಲ್ಲಾ ಆಂಟಿ. ತೆಂಗಿನಕಾಯಿ ತುರಿಯುವುದು, ಇದರ ಮೇಲೆ ಕೂರುತ್ತಾರೆ ಎಂದೆ. ತುರಿಮಣೆಯ ಜೊತೆ ವಿವರಣೆಯೂ ಕೈಯಿಂದ ಕೈಗೆ ಹೋಯಿತು. ಪಾರ್ಕಿನ ನಡುವೆ ತೆಂಗಿನಕಾಯಿ ಉದುರಿಹೋಯಿತು, ಕೂರುವುದು ಉಳಿಯಿತು. ಸುಮಿತ್ರಾಳ ಕೈ ಸೇರುವಾಗ ಅದು ಬೆನ್ನುನೋವಿಗೆ ದಕ್ಷಿಣದವರು ಮಾಡುವ ಆಸನದ ಸಾಧನವಾಗಿತ್ತು. ನಿವೃತ್ತರೊಬ್ಬರು ಎಷ್ಟು ಹೊತ್ತು ಕೂರಬೇಕು ಎಂದು ಅವಳನ್ನು ಕೇಳಿದರಂತೆ.

ಎರಡೇ ಗಂಟೆಯಲ್ಲಿ ಮನೆ ಬರಿದಾಯಿತು. ನನ್ನ ಎದೆ ಉಬ್ಬಿತ್ತು. ಲಾರಿಯಲ್ಲಿ ಸಾಮಾನು ಸಾಗಿಸುವವರು ಊರಲ್ಲೆಲ್ಲ ಇದ್ದಾರೆ. ನನ್ನ ಸಂಸಾರ ಒಂದು ಚಮಚವನ್ನೂ ನೆಲಕ್ಕೆ ಇಳಿಸದೆ ನಲವತ್ತು ಜೋಡಿ ಕೈಗಳ ಮೇಲೆ ಹೋಯಿತು. ಇದಕ್ಕಾಗಿ ನಾನು ಮಾಡಿದ್ದೇನೂ ಇಲ್ಲ, ಹಬ್ಬಹಬ್ಬಕ್ಕೂ ಆ ಮನೆಗಳಿಗೆಲ್ಲ ಒಬ್ಬಟ್ಟು ಕಳಿಸಿದವಳು ಸುಮಿತ್ರಾ. ಆದರೂ ಹೆಮ್ಮೆ ನನಗೇ ಹೆಚ್ಚಾಯಿತು.

ಎಲ್ಲರೂ ಹೊಸ ಮನೆಗೆ ಪಾನಕ, ಉಪ್ಪಿಟ್ಟಿಗೆ ಹೋದರು. ಬೀಗದ ಕೈ ಒಪ್ಪಿಸಲು ನಾನೊಬ್ಬ ಉಳಿದೆ. ಹನ್ನೆರಡಕ್ಕೆ ಸರಿಯಾಗಿ ಆಟೋ ಬಂತು. ಎರಡು ಸೂಟ್‌ಕೇಸು, ತಂದೆಯ ಹೆಗಲ ಮೇಲೆ ನಿದ್ದೆಹೋದ ಮಗು. ಆ ಹೆಣ್ಣುಮಗಳು ಬೀಗದ ಕೈ ತೆಗೆದುಕೊಂಡು, "ಸರ್, ನಮ್ಮಿಂದಾಗಿ ನೀವು ಅವಸರದಲ್ಲಿ ಹೊರಡಬೇಕಾಯಿತು. ಬಹಳ ದೂರ ಹೋಗಬೇಕೇ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಗಂಭೀರವಾಗಿ ಎದುರಿನ ಬಾಲ್ಕನಿಯನ್ನು ತೋರಿಸಿದೆ. ಅಲ್ಲಿ ಆಗಲೇ ನನ್ನ ಬನಿಯನ್ನು ಒಣಗುತ್ತಿತ್ತು.

ಅವರಿಗೆ ನಮಸ್ಕಾರ ಹೇಳಿ ಬಾಗಿಲಾಚೆ ಕಾಲಿಟ್ಟೆ, ಥಟ್ಟನೆ ಹಿಂದಕ್ಕೆಳೆದುಕೊಂಡೆ. ಜೂನ್ ತಿಂಗಳ ಬಿಸಿಲಿಗೆ ಕಲ್ಲುಹಾಸು ಕಾದ ಕಾವಲಿಯಾಗಿತ್ತು. ಚಪ್ಪಲಿಗಾಗಿ ಅತ್ತಿತ್ತ ನೋಡಿದೆ. ಹುರುಪಿನಲ್ಲಿ ಅದನ್ನೂ ನನ್ನ ಕೈಯಾರೆ ಸಾಲಿಗೆ ದಾಟಿಸಿಬಿಟ್ಟಿದ್ದೆ. ಆಕೆಯ ಗಂಡ ನನ್ನ ಪಾದಗಳನ್ನು ನೋಡಿ, ಸೂಟ್‌ಕೇಸಿನ ಹೊರಜೇಬಿನ ಜಿಪ್ಪೆಳೆದು ನೀಲಿ ರಬ್ಬರ್ ಚಪ್ಪಲಿ ತೆಗೆದುಕೊಟ್ಟರು. ಅಷ್ಟು ದೂರದಿಂದ ಬಂದವರ ಚಪ್ಪಲಿ ಕೈಗೆ ಸಿಗುವ ಜಾಗದಲ್ಲಿತ್ತು. ಅದು ನನ್ನ ಕಾಲಿಗೆ ಎರಡು ಸೈಜು ಚಿಕ್ಕದು. ಹಿಮ್ಮಡಿ ಹೊರಗಿಟ್ಟುಕೊಂಡು, ತುದಿಗಾಲಿನಲ್ಲಿ, ಆದಷ್ಟು ತಲೆಯೆತ್ತಿಯೇ ನಾನು ಪಾರ್ಕು ದಾಟಿದೆ.