ದೊಡ್ಡಪ್ಪ ಬೈಯುತ್ತಿದ್ದ ನಾಲ್ಕು ಊರುಗಳು

ಪ್ರಪಂಚದಲ್ಲಿ ಕಾರು ಓಡಿಸಲು ಯೋಗ್ಯವಲ್ಲದ ಊರುಗಳು ನಾಲ್ಕೇ ನಾಲ್ಕು ಎಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು: ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು. ಅವರು ಕಾರು ಓಡಿಸಿದ್ದ ಊರುಗಳೂ ಹೆಚ್ಚು ಕಡಮೆ ಆ ನಾಲ್ಕೇ ಎಂಬುದನ್ನು ಅವರ ಎದುರಿಗೆ ಹೇಳುವ ಧೈರ್ಯ ಯಾರಿಗಿತ್ತು? ಲಂಡನ್ನು, ಕಲ್ಕತ್ತೆಗಳ ರಸ್ತೆ ಹೇಗಿದೆಯೋ ಅವರಿಗೆ ಗೊತ್ತಿರಲಿಲ್ಲ. ಹಾಸನಕ್ಕಿಂತ ಕೆಟ್ಟದಾಗಿರಲು ಸಾಧ್ಯವಿಲ್ಲ ಎಂಬುದು ಮಾತ್ರ ಖಂಡಿತವಾಗಿ ಗೊತ್ತಿತ್ತು.

ದೊಡ್ಡಪ್ಪ ಹೊಳೆನರಸೀಪುರದಲ್ಲಿ ಕೊಬ್ಬರಿ ವ್ಯಾಪಾರಿ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಮೂಗಿನ ತುದಿಯಲ್ಲಿ ಕೋಪ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು, ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅವನ ಹಳೆಯ ಕಾರನ್ನು ಕೊಂಡು ತಂದರು. ದೊರೆಯ ಡ್ರೈವರು ಬೆಳಗ್ಗೆಯೆಲ್ಲ ಪಕ್ಕದಲ್ಲಿ ಕೂತು ಮುಂದಕ್ಕೆ ಹೋಗುವುದನ್ನು ಹೇಳಿಕೊಟ್ಟ. ಹಿಂದಕ್ಕೆ ಬರುವುದನ್ನು ಊಟವಾದ ಮೇಲೆ ಹೇಳಿಕೊಡುತ್ತೇನೆ ಎಂದವನು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಬಸ್ಸು ಹತ್ತಿ ಹೊರಟುಹೋದ. ದೊಡ್ಡಪ್ಪನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಹಾಸನದ ಮೇಲೆ ಅವರಿಗೆ ಸಿಟ್ಟು ಬಂದದ್ದು ಮೊದಲನೆಯ ಸವಾರಿಯಲ್ಲೇ. ಪೇಟೆಯ ಕೂಡುರಸ್ತೆಯಲ್ಲಿ ನಿಂತಿದ್ದ ಪೊಲೀಸಿನವನು ಇವರ ಕಾರನ್ನು ಕಂಡು ಕೈ ಎತ್ತಿದ. ದೊಡ್ಡಪ್ಪ ಮರ್ಯಾದಸ್ತರು. ಸರ್ಕಾರದ ಮನುಷ್ಯ ನಮಸ್ಕಾರ ಮಾಡಿದರೆ ತಿರುಗಿ ಮಾಡದೆ ಇರಲಾದೀತೆ? ಎರಡೂ ಕೈ ಬಿಟ್ಟು ಜೋಡಿಸಿ ನಮಸ್ಕರಿಸಿದರು. ಕಾರು ನೇರವಾಗಿ ಹೋಗಿ ಆಲೂಗಡ್ಡೆ ರಾಶಿಯೊಳಗೆ ಮೂತಿ ಇಟ್ಟಿತು.

ಪೊಲೀಸಿನವನು ಓಡಿ ಬಂದು, "ನಿಂತ್ಕಳ್ಳಿ ಅಂತ ಕೈ ತೋರ್ಸಿದ್ದು ಸಾ," ಎಂದ.

"ನಿಂತ್ಕೊ ಅನ್ನೋದಾದ್ರೆ ಬಾಯಲ್ಲಿ ಏಳ್ಬೇಕು. ಕೈ ಎತ್ತುದ್ರೆ ನಮ್ಮೂರಲ್ಲಿ ನಮಸ್ಕಾರ ಅಂತ ಅರ್ಥ. ನಿಮ್ಮೂರಲ್ಲಿ ಮರ್ಯಾದೆನೇ ಇಲ್ವಲ್ಲಯ್ಯ," ಎಂದರು ದೊಡ್ಡಪ್ಪ. ಅಂದಿನಿಂದ ಹಾಸನಕ್ಕೆ ಮರ್ಯಾದೆಗೆಟ್ಟ ಊರು ಎಂದು ಹೆಸರಾಯಿತು.

ಚನ್ನರಾಯಪಟ್ಟಣದ ತಪ್ಪು ಇನ್ನೊಂದು ಬಗೆಯದು. ಅಲ್ಲಿ ಕಾರಿಗೆ ನೀರು ಹಾಕಲೆಂದು ನಿಲ್ಲಿಸಿ ಬಾವಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಯಾತ್ರಿಕರ ಒಂದು ಸಂಸಾರ ಗಂಟುಮೂಟೆ ಸಮೇತ ಕೂತಿತ್ತು. ಅವರಿಗೆ ಕನ್ನಡ ಬಾರದು. ಇವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. "ಇಳೀರಿ" ಎಂದು ಇವರು ಕೂಗಿದಷ್ಟೂ ಅವರು "ಬೆಳಗೊಳ, ಬೆಳಗೊಳ" ಎಂದು ಭಕ್ತಿಯಿಂದ ತಲೆದೂಗಿದರು. ಕೊನೆಗೆ ದೊಡ್ಡಪ್ಪ ಶ್ರವಣಬೆಳಗೊಳದವರೆಗೂ ಅವರನ್ನು ಬಾಯಿ ತುಂಬ ಬೈದುಕೊಂಡೇ ಹೋಗಿ ಇಳಿಸಿ ಬಂದರು. ಇಳಿಯುವಾಗ ಆ ಸಂಸಾರದ ಮುದುಕಿ ಇವರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದಳಂತೆ. ಆ ಅವಮಾನವನ್ನು ಅವರು ಎಂದೂ ಮರೆಯಲಿಲ್ಲ.

ಇನ್ನು ನಮ್ಮ ಹೊಳೆನರಸೀಪುರ. ಇಲ್ಲಿ ಶತ್ರು ಮನೆಯೊಳಗೇ ಇದ್ದರು. ಬಿಸಿಲಿಗೆ ಚೆನ್ನಾಗಿ ಕಾದ ಆ ಕಪ್ಪು ಕಾರಿನ ಮೂತಿ ಸಂಡಿಗೆ ಒಣಗಿಸಲು ಹೇಳಿ ಮಾಡಿಸಿದ ಜಾಗ ಎಂದು ದೊಡ್ಡಮ್ಮ ಕಂಡುಹಿಡಿದಿದ್ದರು. ಒಂದು ದಿನ ದೊಡ್ಡಪ್ಪ ನೋಡದೆ ಕಾರು ಹೊರಡಿಸಿದರು. ಪೇಟೆಯ ಉದ್ದಕ್ಕೂ ಕಾಗೆಗಳ ದಂಡು ಅವರ ಹಿಂದೆ ಬಂತು. ವಾಪಸು ಬಂದು ಎಗರಾಡಿದಾಗ ದೊಡ್ಡಮ್ಮ, "ನಿಮ್ ಕಾರ್ನಿಂದ ಈ ಮನೆಗೆ ಆದ ಉಪಕಾರ ಅದೊಂದೇಯ. ಅದ್ನೂ ಕಾಗೆಗೆ ಆಕ್ಬಂದ್ರಾ?" ಎಂದರು.

ಇಷ್ಟೆಲ್ಲ ನಗುವ ವಿಷಯ. ಅರಕಲಗೂಡಿನದು ಹಾಗಲ್ಲ.

ದೊಡ್ಡಪ್ಪನ ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿತ್ತು. ನನಗಿಂತ ಸ್ವಲ್ಪ ದೊಡ್ಡವಳು, ಒಂದೇ ಮನೆಯಲ್ಲಿ ಬೆಳೆದವಳು; ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ಮಾವ ಹೊಗೆಸೊಪ್ಪಿನ ವ್ಯಾಪಾರಿ. ಹಟದಲ್ಲಿ ದೊಡ್ಡಪ್ಪನಿಗೆ ಸರಿಜೋಡಿ. ಅಳಿಯ ಒಳ್ಳೆಯವನೇ, ಆದರೆ ಅಪ್ಪನೆದುರು ಕೆಮ್ಮುವುದಕ್ಕೂ ಹೆದರುವವನು.

ಕಾರು ಬಂದ ಹೊಸದರಲ್ಲಿ ದೊಡ್ಡಪ್ಪ ಬೀಗರ ಮನೆ ಬಾಗಿಲಿಗೇ ಅದನ್ನು ತೆಗೆದುಕೊಂಡು ಹೋದರು. ಆ ಬೀದಿ ಎರಡು ಎಮ್ಮೆ ಎದುರುಬದುರಾದರೆ ಒಂದು ಯೋಚನೆ ಮಾಡಬೇಕಾದಷ್ಟು ಇಕ್ಕಟ್ಟು. ಕಾರು ಜಗಲಿಯ ಕಂಬಕ್ಕೆ ಗುದ್ದಿತು. ಕಂಬ ವಾಲಿತು, ಹೆಂಚು ಉದುರಿತು, ತುಂಬು ಗಬ್ಬದ ಎಮ್ಮೆ ಹಗ್ಗ ಕಿತ್ತು ಓಡಿತು. ಒಂದು ಮಾತು, "ತಪ್ಪಾಯ್ತು ಬೀಗ್ರೆ" ಎಂದಿದ್ದರೆ ಮುಗಿಯುತ್ತಿತ್ತು. ದೊಡ್ಡಪ್ಪ ಕೆಳಗಿಳಿದು, "ಕಂಬವ ಇಂಗಾ ಈಚೆಗ್ ನೆಡೋದು?" ಎಂದು ಕೇಳಿದರು.

ಬೀಗರು ತಣ್ಣಗೆ ಹೇಳಿದರು: "ನೀವು ಯಾವಾಗ್ ಬೇಕಾದ್ರೂ ಬನ್ನಿ. ನಡ್ಕಂಡ್ ಬನ್ನಿ. ಈ ಯಂತ್ರ ಮಾತ್ರ ಇನ್ನು ನಮ್ ಬೀದಿಗೆ ಬರಕೂಡ್ದು."

"ನನ್ ಕಾರ್ ಬರ್ದಿದ್ ಬಾಗ್ಲಿಗೆ ನಾನೂ ಬರಾಕಿಲ್ಲ."

"ಅಂಗೇ ಆಗ್ಲಿ. ನಿಮ್ ಮಗ್ಳೂವೆ ನಿಮ್ ಬಾಗ್ಲಿಗ್ ಬರಾಕಿಲ್ಲ."

ಮರುದಿನದಿಂದ ಆ ಬೀದಿಯ ಬಾಯಿಗೆ ಬೀಗರ ಎತ್ತಿನಗಾಡಿಯೊಂದು ಅಡ್ಡ ನಿಂತಿತು. ಆ ವರ್ಷ ಗೌರಿಹಬ್ಬಕ್ಕೆ ಅಕ್ಕನನ್ನು ಕಳಿಸಲಿಲ್ಲ. ಮುಂದಿನ ವರ್ಷವೂ ಕಳಿಸಲಿಲ್ಲ. ಬಾಣಂತನಕ್ಕೂ ಕಳಿಸಲಿಲ್ಲ. ಬಾಣಂತನಕ್ಕೆ ದೊಡ್ಡಮ್ಮನೇ ಬಸ್ಸಿನಲ್ಲಿ ಹೋಗಿ, ಬೀಗರ ಮನೆಯಲ್ಲಿ ಪರರ ಮನೆಯವರ ಹಾಗೆ ಇದ್ದು, ಕಣ್ಣು ಊದಿಸಿಕೊಂಡು ಬಂದರು.

ದೊಡ್ಡಪ್ಪ ಏನು ಮಾಡಿದರು? ಬಿಡುವಾದಾಗಲೆಲ್ಲ ಕಾರು ಹೊರಡಿಸಿ ಅರಕಲಗೂಡಿಗೆ ಹೋದರು. ಕೊಬ್ಬರಿ ವ್ಯವಹಾರ ಎನ್ನುತ್ತಿದ್ದರು. ಅಲ್ಲಿ ಇವರ ಕೊಬ್ಬರಿಗೆ ಕಾದು ಕೂತಿದ್ದವರು ಯಾರೋ ನಾನು ಕಾಣೆ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೀದಿಯ ಬಾಯಿಯಲ್ಲಿ ಅಡ್ಡಗಾಡಿಯ ಮುಂದೆ ಕಾರು ನಿಲ್ಲಿಸಿ ಹಾರನ್ನು ಒತ್ತಿದರು. ಹತ್ತು ಮನೆಗಳ ಆಚೆ ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದು ನಿಂತಳು. ಆಮೇಲೆ ಒಳಗೆ ಹೋಗಿ ಕೂಸನ್ನು ತಂದು ನಮ್ಮ ಕಡೆಗೆ ಎತ್ತಿ ಹಿಡಿದಳು. ಅಷ್ಟು ದೂರಕ್ಕೆ ಕೂಸಿನ ಮುಖ ಎಲ್ಲಿ ಕಾಣಬೇಕು? ಕೆಂಪು ಕುಲಾವಿ ಮಾತ್ರ ಕಂಡಿತು.

"ಇಳಿದು ಹೋಗೋಣ ದೊಡ್ಡಪ್ಪ," ಎಂದೆ.

"ಸುಮ್ಕಿರು. ಎಂಥಾ ದರಿದ್ರ ಬೀದಿ ನೋಡು ಇದು. ಮನುಸ್ರು ಕಾರ್ ಓಡ್ಸೋ ಊರಾ ಇದು?" ಎನ್ನುತ್ತ ಹಿಂದಕ್ಕೆ ತೆಗೆಯಲು ಹೋಗಿ ಮೂಲೆಮನೆಯ ಗೋಡೆಗೆ ಗುದ್ದಿದರು. ಆ ಗೋಡೆಯಲ್ಲಿ ಇವರು ಗುದ್ದಿದ ಗುರುತುಗಳು ಆಗಲೇ ಬೇಕಾದಷ್ಟಿದ್ದವು.

ಮನೆಗೆ ಬಂದಾಗ ದೊಡ್ಡಮ್ಮ ಒಂದೇ ಮಾತು ಕೇಳಿದರು: "ಇಳ್ದು ನಡ್ದಿದ್ರೆ ಕಾಲೇನ್ ಸವ್ದೋಗ್ತಿತ್ತಾ?" ದೊಡ್ಡಪ್ಪ ಅರಕಲಗೂಡಿನ ಪುರಸಭೆಯನ್ನು ಬೈಯುತ್ತ ಕೈಕಾಲು ತೊಳೆಯಲು ಹೋದರು. ಇಬ್ಬರು ಮುದುಕರ ಪ್ರತಿಷ್ಠೆಗೆ ಒಬ್ಬ ಹೆಣ್ಣುಮಗಳ ಪ್ರಾಯವೇ ಕಳೆದುಹೋಗುತ್ತಿದ್ದರೆ, ತಪ್ಪು ರಸ್ತೆಯದಂತೆ. ಗಂಡಸರಿಗೆ ಬೈಯಲು ರಸ್ತೆಯೊಂದು ಇಲ್ಲದೆ ಹೋಗಿದ್ದರೆ ಏನು ಮಾಡುತ್ತಿದ್ದರೋ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು.

ಯುದ್ಧ ಬಂತು, ಪೆಟ್ರೋಲು ಹೋಯಿತು. ಕಾರನ್ನು ಕೊಟ್ಟಿಗೆಗೆ ತಳ್ಳಿದರು. ದೊರೆ ಕೂತ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತು. ದೊಡ್ಡಪ್ಪನಿಗೆ ಅರಕಲಗೂಡಿನ ಬೀದಿಯ ಬಾಯಿಗೆ ಹೋಗುವ ದಾರಿಯೂ ಇಲ್ಲವಾಯಿತು. ಇದ್ದಿಲಿನಲ್ಲಿ ಓಡುವ ಬಸ್ಸುಗಳಿದ್ದವು. ಹತ್ತಲಿಲ್ಲ. ಜಗಲಿಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಬೈದರು. ಮಾತು ಕಡಮೆಯಾಯಿತು, ಊಟ ಕಡಮೆಯಾಯಿತು.

ಒಂದು ದಿನ ಅರಕಲಗೂಡಿನಿಂದ ಬಂದ ವ್ಯಾಪಾರಿಯೊಬ್ಬ ಜಗಲಿಯಲ್ಲಿ ಕೂತು ನೀರು ಕುಡಿಯುತ್ತ, "ನಿಮ್ ಬೀಗರ್ಗೆ ಲಕ್ವ ಒಡೆದು ತಿಂಗ್ಳುಗಟ್ಲೆ ಆಯ್ತಲ್ಲ. ಬಲಗಡೆ ಪೂರಾ ಬಿದ್ದೋಗದೆ. ನಿಮ್ ಮಗ್ಳೇ ಎಲ್ಲಾ ಮಾಡ್ತವ್ಳೆ," ಎಂದ.

ದೊಡ್ಡಪ್ಪ ಎದ್ದು ಕೊಟ್ಟಿಗೆಗೆ ಹೋದರು. ಕೋಳಿಯನ್ನು ಎಬ್ಬಿಸಿದರು. ಹಳ್ಳಿಮೈಸೂರಿನ ಕಡೆಯಿಂದ ಗದ್ದೆಗೆಂದು ತಂದಿದ್ದ ಜೋಡೆತ್ತುಗಳನ್ನು ಕಾರಿಗೆ ಕಟ್ಟಿದರು. ಮುಂದಿನ ಗಾಜನ್ನು ಮಡಚಿ, ಹಗ್ಗ ಒಳಕ್ಕೆ ಎಳೆದುಕೊಂಡು, ಚಕ್ರ ಹಿಡಿದು ಕೂತರು.

ದೊಡ್ಡಮ್ಮ ಬಾಗಿಲಿಗೆ ಬಂದು ನೋಡಿದರು. "ಇಷ್ಟು ದಿಸಕ್ಕೆ ಅದ್ಕೆ ತಕ್ಕ ಡ್ರೈವರು ಸಿಕ್ಕುದ್ವು," ಎಂದು ಎತ್ತುಗಳ ಬೆನ್ನು ಸವರಿ, ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟು, "ನೀನೂ ಓಗವ್ವ ಜೊತೇಲಿ," ಎಂದರು.

ದಾರಿಯಲ್ಲಿ ಒಂದು ಹಳ್ಳಿಯ ಛತ್ರದಲ್ಲಿ ತಂಗಿ ಮರುದಿನ ಮುಟ್ಟಿದೆವು. ದಾರಿಯುದ್ದಕ್ಕೂ ಜನ ನಕ್ಕರು. ದೊಡ್ಡಪ್ಪ ಒಬ್ಬರನ್ನೂ ಬೈಯಲಿಲ್ಲ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಬೀದಿಯ ಬಾಯಿಯಲ್ಲಿ ಗಾಡಿ ಇನ್ನೂ ಅಡ್ಡ ನಿಂತಿತ್ತು. ಎಳೆದು ನಿಲ್ಲಿಸಿದವರು ಮಲಗಿದ ಮೇಲೆ ತೆಗೆಯುವವರು ಯಾರು? ದೊಡ್ಡಪ್ಪ ಇಳಿದು ಗಾಡಿಯ ಮೂಕಿಗೆ ಹೆಗಲು ಕೊಟ್ಟರು. ನಾನೂ ತಳ್ಳಿದೆ. ಬೇಡ ಎನ್ನಲು ಯಾರೂ ಬರಲಿಲ್ಲ. ಎತ್ತುಗಳು ಕಾರನ್ನು ಬೀಗರ ಬಾಗಿಲಿಗೇ ಎಳೆದು ತಂದವು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆ ಬತ್ತಿತ್ತು. ಕೆಂಪು ಕುಲಾವಿಯ ಕೂಸು ಆಗಲೇ ನೆಲದ ಮೇಲೆ ಓಡಾಡುವ ಹುಡುಗಿಯಾಗಿತ್ತು. "ಕಾಲ್ ತೊಳ್ಕೊ ಅಪ್ಪಯ್ಯ," ಎಂದಳು, ನಿನ್ನೆ ಬಂದು ಹೋದವರಿಗೆ ಹೇಳುವ ಹಾಗೆ.

ಬೀಗರು ಪಡಸಾಲೆಯಲ್ಲಿ ಮಲಗಿದ್ದರು. ದೊಡ್ಡಪ್ಪನನ್ನು ಕಂಡು ಅರ್ಧ ಬಾಯಲ್ಲಿ ಏನೋ ಅಂದರು. ನಮಗೆ ತಿಳಿದದ್ದು "ಕಾರು" ಎಂಬ ಒಂದೇ ಮಾತು.

"ಎತ್ತು ಕಟ್ಕಂಡ್ ಬಂದಿವ್ನಿ ಬೀಗ್ರೆ. ಬ್ಯಾಡ ಅಂದ್ರೆ ಈಗ್ಲೇ ಬೀದಿಯಿಂದಾಚೆ ನಿಲ್ಸಿ ನಡ್ಕಂಡ್ ಬತ್ತೀನಿ," ಎಂದರು ದೊಡ್ಡಪ್ಪ. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಎಷ್ಟು ವರ್ಷ ತಡವಾಗಿ!

ಬೀಗರು ತಲೆ ಅಲ್ಲಾಡಿಸಿ ಮತ್ತೆ ಏನೋ ಅಂದರು. ಆ ಮಾತು ಅರ್ಥವಾಗುತ್ತಿದ್ದುದು ಅಕ್ಕನಿಗೊಬ್ಬಳಿಗೇ. "ಬ್ಯಾಡ ಅಂತಿಲ್ಲ ಅಪ್ಪಯ್ಯ. ಒಂದ್ ಸಲ ಅದ್ರಲ್ಲಿ ಕೂರ್ಬೇಕಂತೆ. ಮಲಗ್ದಾಗ್ನಿಂದ ಈಚೆ ಬೆಳಕು ಕಂಡಿಲ್ಲ," ಎಂದಳು.

ಅಳಿಯ ಕಾಲು ಹಿಡಿದ, ದೊಡ್ಡಪ್ಪ ತಲೆಯ ಕಡೆ ಹಿಡಿದರು. ಬೀಗರನ್ನು ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಎತ್ತಿನ ಹಗ್ಗವನ್ನು ಅಳಿಯನ ಕೈಗೆ ಕೊಟ್ಟು ದೊಡ್ಡಪ್ಪ ಬೀಗರ ಪಕ್ಕದಲ್ಲಿ ಕೂತು, ವಾಲುತ್ತಿದ್ದ ಆ ದೇಹವನ್ನು ತೋಳಿನಿಂದ ಬಳಸಿ ತಮ್ಮ ಎದೆಗೆ ಆನಿಸಿಕೊಂಡರು. ಕಾರು ಮೆಲ್ಲಗೆ ಬೀದಿ ದಾಟಿ ಬಯಲಿಗೆ ಬಂತು. ಬೀಗರು ಕಣ್ಣು ಕಿರಿದು ಮಾಡಿ ಆಕಾಶ ನೋಡಿದರು. ಬಾಯಿಯ ಓರೆಯಿಂದ ಜೊಲ್ಲು ಸುರಿಯಿತು. ದೊಡ್ಡಪ್ಪ ತಮ್ಮ ರುಮಾಲನ್ನು ಬಿಚ್ಚಿ, ಒಂದು ತುದಿಯಿಂದ ಅದನ್ನು ಒರೆಸಿ, ಉಳಿದದ್ದನ್ನು ಅವರ ತಲೆಯ ಮೇಲೆ ನೆರಳಾಗಿ ಹಿಡಿದರು.

"ಬಿಸ್ಲು ತಾಕ್ತದಾ ಬೀಗ್ರೆ?" ಎಂದು ಕೇಳಿದರು.