ಕಂಕುಳಲ್ಲಿಟ್ಟ ಡಬ್ಬಿ

ಎಲ್ಲ ಫಜೀತಿಗೂ ಮೂಲ ಹೆಬ್ಬೆರಳುದ್ದದ ಒಂದು ಪ್ಲಾಸ್ಟಿಕ್ ಡಬ್ಬಿ.

ಗ್ರಂಥಪಾಲಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಸೋಮವಾರದಿಂದ ಕೀಮೋ ಔಷಧಿ. ಗಂಟು ಕರಗುತ್ತದೆ, ಆದರೆ ಆಮೇಲೆ ಮಕ್ಕಳಾಗುವುದು ಕಷ್ಟವಾದೀತು ಎಂದು ಡಾಕ್ಟರು ಮೊದಲೇ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಲು ಹೇಳಿದ್ದರು. ಅದಕ್ಕೆಂದು ಆಸ್ಪತ್ರೆಯ ಕೋಣೆಯಲ್ಲಿ ಎರಡು ಸಲ ಕೂತು, ಹೊರಗಿನ ಹೆಜ್ಜೆ ಸದ್ದಿಗೇ ಬೆವತು, ಖಾಲಿ ಡಬ್ಬಿ ಹಿಂತಿರುಗಿಸಿ ಬಂದಿದ್ದ.

"ಮನೆಯಿಂದಲೇ ತನ್ನಿ ಬಿಡಿ," ಎಂದಿದ್ದಳು ಲ್ಯಾಬಿನವಳು. "ಒಂದು ಗಂಟೆಯೊಳಗೆ ತಲುಪಬೇಕು. ತಣ್ಣಗಾಗಬಾರದು, ಕಂಕುಳಲ್ಲಿ ಇಟ್ಕೊಂಡು ಬನ್ನಿ."

ಹೆಂಡತಿಯ ಹೊರತು ಯಾರಿಗೂ ಇದು ತಿಳಿಯದು. ಮನೆಯಲ್ಲೇ ಇದ್ದ ಅತ್ತೆಯನ್ನು ಬೆಳಿಗ್ಗೆ ತರಕಾರಿ ತರಲು ಸಾಗಹಾಕಿದ್ದಾಯಿತು. ಕೆಲಸ ಮುಗಿಸಿ, ಡಬ್ಬಿಯನ್ನು ಅಂಗಿಯೊಳಗೆ ಕಂಕುಳಿಗೆ ಸಿಕ್ಕಿಸಿ, ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ಅವನು ಮೆಟ್ಟಿಲಿಳಿದ. ಕೆಳಗೆ, ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು ಕಾರು ಒರೆಸುತ್ತಿದ್ದರು.

"ಏನಯ್ಯಾ, ಕೈ ಯಾಕೆ ಹಾಗೆ ಅಂಟಿಸ್ಕೊಂಡಿದೀಯ?"

"ಏನಿಲ್ಲ ಮೇಷ್ಟ್ರೇ, ಭುಜ ಸ್ವಲ್ಪ ಉಳುಕಿದೆ."

"ಎತ್ತು ನೋಡೋಣ."

"ಎತ್ತೋಕಾಗಲ್ಲ."

"ಎತ್ತೋಕೇ ಆಗಲ್ವಾ! ಕೂತ್ಕೋ ಕಾರಲ್ಲಿ. ಆಸ್ಪತ್ರೆಗೆ ನಾನೇ ಬಿಡ್ತೀನಿ."

ಬೇಡವೆನ್ನುವಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿತ್ತು. ಮೇಷ್ಟ್ರು ಕಾರು ಓಡಿಸುವುದೆಂದರೆ ಮದುಮಗಳನ್ನು ನಡೆಸಿಕೊಂಡು ಹೋದ ಹಾಗೆ. ಸೈಕಲ್ಲುಗಳೂ ಅವರನ್ನು ಹಿಂದೆ ಹಾಕಿದವು. ದಾರಿಯಲ್ಲಿ ಪರಿಚಯದ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯವನು ಬೆರಳಿಗೆ ಮುಲಾಮು ಬಳಿದುಕೊಂಡು ಬಂದು ಕಿಟಕಿಯೊಳಗೆ ಕೈ ಚಾಚಿ, "ಅಂಗಿ ಬಿಚ್ಚಿ ಸಾರ್," ಎಂದ.

"ಮುಟ್ಟಬೇಡ್ರೀ!" ಎಂದು ಗ್ರಂಥಪಾಲಕ ಕಿರುಚಿದ. ಜನ್ಮದಲ್ಲಿ ಅಷ್ಟು ಜೋರಾಗಿ ಅವನು ಮಾತಾಡಿದ್ದೇ ಇಲ್ಲ. ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಪಾಪ, ಎಷ್ಟು ನೋವು ನೋಡು," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ಅವನಿಗೆ ನಾಚಿಕೆಯಿಂದ ಕಾರಿನ ಸೀಟಿನೊಳಗೇ ಇಳಿದುಹೋಗಬೇಕೆನಿಸಿತು. ಒಳ್ಳೆಯ ಮನುಷ್ಯ, ಇವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ! ನಿಜ ಹೇಳುವುದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಮೇಷ್ಟ್ರು ಅವನನ್ನು ನೇರ ಮೂಳೆ ವಿಭಾಗಕ್ಕೆ ಎಳೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ಒಂದು ಗಂಟೆ ತುಂಬಲು ಇನ್ನು ಐದೇ ನಿಮಿಷ. ಅವರು ಚೀಟಿ ಬರೆಸಲು ತಿರುಗಿದ್ದೇ ತಡ, ಗ್ರಂಥಪಾಲಕ ಎದ್ದು ಓಡಿದ. ಒಂದು ಕೈ ಬೀಸುತ್ತ, ಇನ್ನೊಂದನ್ನು ಒತ್ತಿಕೊಂಡು, ರೆಕ್ಕೆ ಮುರಿದ ಬಾತುಕೋಳಿಯಂತೆ ಎರಡು ಮಹಡಿ ಹತ್ತಿ ಏಳನೇ ಕೋಣೆಯ ಕಿಟಕಿಯಲ್ಲಿ ಡಬ್ಬಿ ಇಟ್ಟ.

ಕಾದು ಕಾದು ಸಾಕಾದ ಮೇಲೆ ಲ್ಯಾಬಿನವಳು ಹೊರಗೆ ಬಂದಳು.

"ಸ್ವಲ್ಪ ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ನೋಡಿದ್ವಿ. ಅರ್ಧಕ್ಕಿಂತ ಹೆಚ್ಚು ಬದುಕಿವೆ, ಚೆನ್ನಾಗಿ ಓಡಾಡ್ತಿವೆ. ಉಳಿದಿದ್ದನ್ನ ಭದ್ರವಾಗಿ ಇಟ್ಟಿದೀವಿ. ಇನ್ನು ಧೈರ್ಯವಾಗಿ ಔಷಧಿ ತಗೊಳ್ಳಿ."

ಅವನು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮುಗಿದ.

"ಅರೆ! ಕೈ ಎತ್ತಿದ!" ಹಿಂದಿನಿಂದ ಮೇಷ್ಟ್ರ ದನಿ. "ನಿನ್ನ ಹುಡುಕಿ ಹುಡುಕಿ ಸುಸ್ತಾದೆ. ಯಾರಯ್ಯಾ ವಾಸಿ ಮಾಡಿದ್ದು?"

"ಇಲ್ಲೇ... ಈ ಕೋಣೆಯವರೇ," ಎಂದು ಬಾಯಿಗೆ ಬಂದದ್ದು ಹೇಳಿ ಅವನು ಬಚ್ಚಲಿಗೆ ಓಡಿ ಮುಖ ತೊಳೆದುಕೊಂಡ.

ಹಿಂತಿರುಗಿ ಬಂದಾಗ ಮೇಷ್ಟ್ರು ಕಾಣಲಿಲ್ಲ. ಅರ್ಧ ಗಂಟೆ ಕಾದ ಮೇಲೆ ಒಳಕೋಣೆಯ ಬಾಗಿಲು ತೆರೆಯಿತು. ಮೇಷ್ಟ್ರು ಬಂದರು. ಮುಖ ಕೆಂಪಾಗಿತ್ತು. ಕೈಯಲ್ಲಿ ಒಂದು ಖಾಲಿ ಡಬ್ಬಿ.

"ನನಗೂ ವರ್ಷದಿಂದ ಭುಜ ನೋವು. ಅವನಿಗೆ ಮಾಡಿದ್ದೇ ನನಗೂ ಮಾಡಿ ಅಂದೆ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಗೋಡೆ ಮೇಲಿನ ಸೂಚನೆ ಓದಿದೆ ಕಣಯ್ಯಾ."

ಇಬ್ಬರೂ ನೆಲ ನೋಡುತ್ತ ನಿಂತರು.

"ಯಾರಿಗೂ ಹೇಳಬೇಡಿ ಮೇಷ್ಟ್ರೇ."

"ನಾನ್ಯಾಕೆ ಹೇಳಲಿ, ನನ್ನ ಮಾನವೂ ಹೋಗುತ್ತಲ್ಲ! ಆದರೆ..." ಮೇಷ್ಟ್ರು ಖಾಲಿ ಡಬ್ಬಿಯನ್ನು ಜೇಬಿಗೆ ತುರುಕಿದರು. "ಒಳಗೆ ಹೋಗೋ ಮುಂಚೆ ಮನೆಗೆ ಫೋನ್ ಮಾಡಿದ್ದೆ. ನಮ್ಮ ಕಟ್ಟಡದಲ್ಲಿ ನೋವಿರೋರೆಲ್ಲ ತಕ್ಷಣ ಬನ್ನಿ, ಏಳನೇ ಕೋಣೆ ಅಂತ."

ಲಿಫ್ಟಿನ ಬಾಗಿಲು ತೆರೆಯಿತು. ಸೊಂಟ ಹಿಡಿದವರು, ಕತ್ತು ಹಿಡಿದವರು, ಅರ್ಧ ಕಟ್ಟಡವೇ ಬಂದಿಳಿಯಿತು. ಎಲ್ಲರಿಗಿಂತ ಮುಂದೆ ಅತ್ತೆ.

"ಅಳಿಯಂದ್ರೇ," ಎಂದರು ಅವರು ಕುಂಟುತ್ತ ಬಂದು, "ಇವರು ಮಂಡಿನೂ ನೋಡ್ತಾರಂತಾ?"